ಮನೆಗೆ ಕಳಿಸೋ ಮುಂಚೆ ಒಂದು ಗಂಟೆ: ಶಾಲೆಯಲ್ಲಿ ಮೈಗ್ರೇನ್ ಬರೋ ಮಕ್ಕಳ ಬಗ್ಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮಹದೇವಪುರದಿಂದ ಮಾತಾಡ್ತಿದ್ದೀನಿ. ಹಿಂದೆ ಲಾರಿ ಹಾರ್ನ್ ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ನಮ್ಮ ಸ್ಟುಡಿಯೋ ಅಂದ್ರೆ ರಸ್ತೆ ಪಕ್ಕದ ಮನೇಲಿ ಬಟ್ಟೆ ಬೀರು ಇರೋ ರೂಮು, ಅಷ್ಟೇ.

ಈ ಸಂಚಿಕೆ ಶುರುವಾಗಿದ್ದು ನಮ್ಮ ಬಿಲ್ಡಿಂಗ್ ಮೆಟ್ಟಿಲ ಮೇಲೆ. ಎರಡನೇ ಮಹಡಿಯ ಅಕ್ಕ ಮಧ್ಯಾಹ್ನ ಹನ್ನೆರಡೂವರೆಗೆ ಮಗಳನ್ನ ಕರ್ಕೊಂಡು ಬರ್ತಿದ್ರು. ಹುಡುಗಿ ಎಂಟನೇ ಕ್ಲಾಸು. ಮುಖ ಬಿಳಿಚಿಕೊಂಡಿತ್ತು, ಯೂನಿಫಾರ್ಮ್ ಮೇಲೆ ವಾಂತಿ ಕಲೆ. ಆ ತಿಂಗಳಲ್ಲಿ ಶಾಲೆಯಿಂದ ಫೋನ್ ಬಂದು, ಅಕ್ಕ ಕೆಲಸ ಬಿಟ್ಟು ಓಡಿದ್ದು ಅದು ಮೂರನೇ ಸಲ. ಸಾಯಂಕಾಲ ನಾನು ಹಾಲು ತರೋಕೆ ಇಳಿದಾಗ ಅದೇ ಹುಡುಗಿ ಕೆಳಗಡೆ ಥ್ರೋಬಾಲ್ ಆಡ್ತಾ ಇದ್ದಾಳೆ! ಅಕ್ಕ ಗೇಟ್ ಹತ್ರ ನಿಂತು ಹೇಳಿದ್ರು: "ಮಧ್ಯಾಹ್ನ ಸತ್ತೇ ಹೋಗ್ತೀನಿ ಅಂದವಳು ಈಗ ನೋಡು. ನಾಟಕ ಮಾಡ್ತಾಳೆ ಅಂತ ಶಾಲೇಲಿ ಅಂದಾಗ ಜಗಳ ಆಡಿ ಬಂದೆ. ಈಗ ನನಗೇ ಗೊತ್ತಾಗ್ತಿಲ್ಲ, ನಂಬೋದೋ ಬಿಡೋದೋ."

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಆದ್ರೆ ಆ ಪ್ರಶ್ನೆ ತಲೇಲಿ ಕೂತುಬಿಡ್ತು. ಓದ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಅಕ್ಕನಿಗೆ ಅನುಮಾನ ಹುಟ್ಟಿಸಿದ ಆ ಥ್ರೋಬಾಲ್ ಇದೆಯಲ್ಲ, ಅದು ನಾಟಕಕ್ಕೆ ಸಾಕ್ಷಿಯೇ ಅಲ್ಲ. ಮಕ್ಕಳ ಮೈಗ್ರೇನ್ ಎಷ್ಟೋ ಸಲ ಹೀಗೇ ಇರುತ್ತೆ.

ಮೊದಲು ಹೆಸರಿನಿಂದ ಶುರು ಮಾಡೋಣ. ಕನ್ನಡದಲ್ಲಿ ನಾವು ಅರೆತಲೆನೋವು ಅಂತೀವಿ. ಮೈಗ್ರೇನ್ ಅನ್ನೋ ಪದದ ಮೂಲ ಗ್ರೀಕ್, ಅದರ ಅರ್ಥವೂ ಅರ್ಧ ತಲೆ ಅಂತಲೇ. ದೊಡ್ಡವರಿಗೆ ಈ ಹೆಸರು ಬಹಳ ಮಟ್ಟಿಗೆ ಸರಿ, ಮಕ್ಕಳ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತೆ. ಮಕ್ಕಳಿಗೆ ಸಾಮಾನ್ಯವಾಗಿ ಹಣೆಯ ಎರಡೂ ಕಡೆ ನೋಯುತ್ತೆ. "ಎಲ್ಲಿ ನೋವು ತೋರ್ಸು" ಅಂದ್ರೆ ಇಡೀ ಹಣೆ ಮೇಲೆ ಕೈ ಇಡ್ತಾರೆ. "ಒಂದು ಕಡೆ ಇಲ್ವಲ್ಲ, ಹಾಗಾದ್ರೆ ಮೈಗ್ರೇನ್ ಅಲ್ಲ ಬಿಡು" ಅಂತ ನಾವೇ ತೀರ್ಪು ಕೊಟ್ಟುಬಿಡ್ತೀವಿ.

ಇನ್ನೊಂದು ವ್ಯತ್ಯಾಸ ಸಮಯದ್ದು. ತಲೆನೋವುಗಳನ್ನ ವರ್ಗ ಮಾಡೋ ಅಂತರರಾಷ್ಟ್ರೀಯ ಪಟ್ಟಿ ಪ್ರಕಾರ, ಔಷಧಿ ತಗೊಳ್ಳದಿದ್ರೆ ದೊಡ್ಡವರ ಮೈಗ್ರೇನ್ 4ರಿಂದ 72 ಗಂಟೆ ಇರುತ್ತೆ. ಹದಿನೆಂಟರ ಒಳಗಿನವರಲ್ಲಿ 2 ಗಂಟೆ ಇದ್ರೂ ಅದನ್ನ ಮೈಗ್ರೇನ್ ಅಂತ ಒಪ್ಪಬಹುದು. ಜೊತೆಗೆ ಮಕ್ಕಳಿಗೆ ನಿದ್ದೆ ಒಂದು ದೊಡ್ಡ ಔಷಧಿ. ಒಂದು ಗಂಟೆ ಗಾಢವಾಗಿ ಮಲಗಿ ಎದ್ರೆ, ಬೆಳಗ್ಗೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಓಡಾಡೋ ಮಕ್ಕಳಿದ್ದಾರೆ. ಆದ್ರಿಂದ ಹನ್ನೆರಡಕ್ಕೆ ವಾಂತಿ, ಐದಕ್ಕೆ ಥ್ರೋಬಾಲ್ ಅನ್ನೋದು ಪೂರ್ತಿ ಸಾಧ್ಯ. ಬೆಳಕು, ಶಬ್ದ ಸಹಿಸೋಕೆ ಆಗ್ತಿಲ್ಲ ಅಂತ ಚಿಕ್ಕ ಮಗು ಬಾಯಿಬಿಟ್ಟು ಹೇಳೋದೂ ಇಲ್ಲ. ಬೆಂಚ್ ಮೇಲೆ ತಲೆ ಇಟ್ಟು ಕೈಯಿಂದ ಕಣ್ಣು ಮುಚ್ಕೊಳುತ್ತೆ, ಟಿವಿ ಆಫ್ ಮಾಡು ಅನ್ನುತ್ತೆ, ಕತ್ತಲೆ ರೂಮಿಗೆ ಹೋಗಿ ಮಲಗುತ್ತೆ. ವೈದ್ಯರೂ ಚಿಕ್ಕ ಮಕ್ಕಳಲ್ಲಿ ಈ ನಡವಳಿಕೆ ನೋಡಿಯೇ ಲಕ್ಷಣ ಗುರುತಿಸ್ತಾರೆ.

ಕೆಲವು ಮಕ್ಕಳಿಗೆ ನೋವು ತಲೆಗೆ ಬರೋದೇ ಇಲ್ಲ! ಹೊಕ್ಕಳ ಸುತ್ತ ಹೊಟ್ಟೆನೋವು, ವಾಕರಿಕೆ, ಊಟ ಬೇಡ, ಮುಖ ಬಿಳುಪು. ಗಂಟೆಗಟ್ಟಲೆ ಇದ್ದು ಹೋಗುತ್ತೆ, ಮಧ್ಯದ ದಿನಗಳಲ್ಲಿ ಮಗು ಆರಾಮ. ಇದಕ್ಕೆ ಹೊಟ್ಟೆಯ ಮೈಗ್ರೇನ್ ಅಂತಲೇ ಹೆಸರಿದೆ. ಇಂಥ ಮಕ್ಕಳಲ್ಲಿ ಹಲವರಿಗೆ ಮುಂದೆ ತಲೆನೋವಿನ ಮೈಗ್ರೇನ್ ಶುರುವಾಗುತ್ತೆ. ಮನೇಲಿ ಇದಕ್ಕೆ ಜಂತುಹುಳ, ದೃಷ್ಟಿ, ಶಾಲೆಗೆ ಹೋಗೋಕೆ ಸೋಮಾರಿತನ, ಈ ಮೂರರಲ್ಲಿ ಒಂದು ಹೆಸರು ಬಿದ್ದಿರುತ್ತೆ.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಇದು ವೈಟ್‌ಫೀಲ್ಡ್ ಕಾಯಿಲೆ, ಮೊಬೈಲ್ ಕಾಯಿಲೆ" ಅಂತ ಹಿರಿಯರು ಹೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನ ಕೇಳಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಇದ್ದವರು ನೂರಕ್ಕೆ 25! ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ಮತ್ತೆ ಕೇಳಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ನಾಲ್ಕು ಜನ ದೊಡ್ಡವರಲ್ಲಿ ಒಬ್ಬರಿಗೆ ಇರೋದನ್ನ ಟೆಕ್ ಪಾರ್ಕ್ ಕಾಯಿಲೆ ಅಂತ ಕರೆಯೋಕಾಗಲ್ಲ. ಅದೇ ಲೆಕ್ಕ ಹಾಕಿದ್ರೆ, ನಲವತ್ತು ಜನ ಟೀಚರ್‌ಗಳ ಸ್ಟಾಫ್ ರೂಮಿನಲ್ಲಿ ಸುಮಾರು ಹತ್ತು ಜನಕ್ಕೆ ಈ ನೋವು ಏನು ಅಂತ ಸ್ವಂತ ಅನುಭವದಿಂದಲೇ ಗೊತ್ತಿರಬೇಕು.

ಇದು ದೊಡ್ಡವರ ಅಂಕಿ. ಮಕ್ಕಳದ್ದು ಬೇರೆ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟು ಸೇರಿಸಿ 2010ರಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ ಮಕ್ಕಳು ಮತ್ತು ಹದಿಹರೆಯದವರಲ್ಲಿ ಮೈಗ್ರೇನ್ ಇರೋದು ನೂರಕ್ಕೆ 7.7. ನಲವತ್ತು ಮಕ್ಕಳ ಕ್ಲಾಸಲ್ಲಿ ಮೂವರು ಅಂತ ಇಟ್ಕೊಳ್ಳಿ. ಚಿಕ್ಕ ವಯಸ್ಸಲ್ಲಿ ಹುಡುಗ ಹುಡುಗಿ ಅನ್ನೋ ವ್ಯತ್ಯಾಸ ಅಷ್ಟಾಗಿ ಇರಲ್ಲ. ಮೈನೆರೆದ ಮೇಲೆ ಹುಡುಗಿಯರಲ್ಲಿ ಜಾಸ್ತಿಯಾಗುತ್ತೆ, ಕೆಲವರಿಗೆ ಮುಟ್ಟಿನ ದಿನಗಳಲ್ಲಿ ಬರುತ್ತೆ. ಮ್ಯಾಥ್ಸ್ ಸಾರ್ ಹತ್ರ ಎದ್ದು ನಿಂತು ಅದನ್ನ ಹೇಳೋಕೆ ಹುಡುಗಿ ಒಪ್ಪಲ್ಲ. "ಏನಿಲ್ಲ ಸಾರ್" ಅಂತಾಳೆ.

ಹಾಗಾದ್ರೆ ತಲೆ ಒಳಗೆ ಆಗೋದೇನು? ಮೈಗ್ರೇನ್ ಇರೋರ ಮೆದುಳು ಬದಲಾವಣೆಗೆ ಬೇಗ ಕೆರಳುತ್ತೆ. ಅದು ಬಹಳ ಸಲ ವಂಶದಲ್ಲೇ ಬಂದಿರುತ್ತೆ, ಅಮ್ಮನಿಗೋ ಅಜ್ಜಿಗೋ ಇರುತ್ತೆ. ಹಸಿವು, ನಿದ್ದೆಗೇಡು, ಬಿಸಿಲು ಇಂಥದ್ದು ಅತಿಯಾದಾಗ ಮುಖ ಮತ್ತು ಮೆದುಳಿನ ಹೊದಿಕೆಗೆ ಸಂಬಂಧಪಟ್ಟ ಟ್ರೈಜೆಮಿನಲ್ ಅನ್ನೋ ನರ ಚುರುಕಾಗಿ, ನೋವಿನ ರಾಸಾಯನಿಕಗಳು ಬಿಡುಗಡೆಯಾಗ್ತವೆ. ಅದೇ ಹೊತ್ತಿಗೆ ಹೊಟ್ಟೆ ತನ್ನ ಕೆಲಸ ನಿಧಾನ ಮಾಡುತ್ತೆ. ಇದು ಮುಖ್ಯ, ಯಾಕಂದ್ರೆ ನೋವು ಏರಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತೆ, ರಕ್ತಕ್ಕೆ ಸೇರೋದು ತಡ. ಇಲ್ಲಾ ವಾಂತಿಯಲ್ಲಿ ಆಚೆ ಬರುತ್ತೆ. ಶುರುವಲ್ಲೇ ತಗೊಂಡ ಮಾತ್ರೆ ಕೆಲಸ ಮಾಡುತ್ತೆ, ಒಂದೂವರೆ ಗಂಟೆ ಬಿಟ್ಟು ತಗೊಂಡ ಅದೇ ಮಾತ್ರೆ ಅಷ್ಟು ಮಾಡಲ್ಲ.

ಈಗ ಶಾಲೆಯಲ್ಲಿ ಏನಾಗುತ್ತೆ ನೋಡಿ. ಎರಡನೇ ಪೀರಿಯಡ್‌ನಲ್ಲಿ ನೋವು ಶುರು. ಹುಡುಗಿ ಹೇಳೋಕೆ ಹೆದರಿ ಸುಮ್ಮನಿರ್ತಾಳೆ. ಮೂರನೇ ಪೀರಿಯಡ್‌ನಲ್ಲಿ ಹೇಳಿದ್ರೆ, "ಏನಮ್ಮಾ, ಇವತ್ತು ಟೆಸ್ಟ್ ಇದೆ ಅಂತ ತಲೆನೋವಾ? ನೀರು ಕುಡಿದು ಕೂತ್ಕೋ." ನಾಲ್ಕನೇ ಪೀರಿಯಡ್‌ನಲ್ಲಿ ವಾಂತಿ. ಆಗ ಗಾಬರಿ, ಆಫೀಸಿಂದ ಫೋನು, ಅಮ್ಮ ಆಟೋ ಹಿಡಿದು ಬರೋ ಹೊತ್ತಿಗೆ ಇನ್ನೊಂದು ಗಂಟೆ. ಮಾತ್ರೆ ಹೊಟ್ಟೆಗೆ ಹೋಗೋದು ಮನೇಲಿ, ನೋವು ಶುರುವಾಗಿ ಮೂರು ಗಂಟೆ ಆದ ಮೇಲೆ. ಇಲ್ಲಿ ಯಾರೂ ಕೆಟ್ಟವರಲ್ಲ. ಆದ್ರೆ ಔಷಧಿ ಕೆಲಸ ಮಾಡಬಹುದಾಗಿದ್ದ ಮೊದಲ ಅರ್ಧ ಗಂಟೆ ನಿಜವೋ ಸುಳ್ಳೋ ಅನ್ನೋ ವಿಚಾರಣೆಯಲ್ಲೇ ಮುಗಿದು ಹೋಯ್ತು.

ನಾನು ಕಾಮರ್ಸ್‌ನವನಾದ್ದರಿಂದ ಇಲ್ಲಿ ಲೆಕ್ಕ ಹಾಕದೆ ಇರೋಕಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ. ತಿಂಗಳಿಗೆ ನಾಲ್ಕು ಸಲ ಶಾಲೆಯಲ್ಲಿ ಮೈಗ್ರೇನ್ ಬರೋ ಮಗು ಅಂತ ಇಟ್ಕೊಳ್ಳಿ. ಹತ್ತು ತಿಂಗಳಿಗೆ 40 ಸಲ. ಪ್ರತಿ ಸಲ ಮನೆಗೆ ಕಳಿಸಿದ್ರೆ 40 ದಿನ ಪೂರ್ತಿಯೋ ಅರ್ಧವೋ ಹೋಯ್ತು. ಪ್ರತಿ ಸಲ ಮಾತ್ರೆ ಕೊಟ್ಟು ಒಂದೂವರೆ ಗಂಟೆ ಮಲಗಿಸಿ ವಾಪಸ್ ಕ್ಲಾಸಿಗೆ ಕಳಿಸಿದ್ರೆ 60 ಗಂಟೆ, ದಿನಕ್ಕೆ ಆರು ಗಂಟೆ ಅಂದ್ರೂ 10 ದಿನ. ಎಲ್ಲ ಸಲವೂ ಇಷ್ಟು ಸಲೀಸಾಗಿ ಆಗಲ್ಲ, ಒಪ್ತೀನಿ. ಅರ್ಧದಷ್ಟು ಸಲ ಆದ್ರೂ ವ್ಯತ್ಯಾಸ ಚಿಕ್ಕದಲ್ಲ. ಮತ್ತೆ ಹತ್ತನೇ ಕ್ಲಾಸಿಗೆ ಬಂದಾಗ ಎಸ್ಸೆಸ್ಸೆಲ್ಸಿ ಇರಲಿ, ಸಿಬಿಎಸ್‌ಇ ಇರಲಿ, ಪರೀಕ್ಷೆಗೆ ಕೂರೋಕೆ ಶೇಕಡಾ 75 ಹಾಜರಿ ಬೇಕು. ಆಗ ಈ ದಿನಗಳಿಗೆ ಬೆಲೆ ಬರುತ್ತೆ. ಅಮ್ಮನ ಅರ್ಧ ದಿನದ ಸಂಬಳ ನಾನು ಇದರಲ್ಲಿ ಸೇರಿಸಿಲ್ಲ.

ಹಾಜರಿ ಪುಸ್ತಕದಲ್ಲಿ ಇರೋದು ಎರಡೇ ಗುರುತು, ಬಂದಿದೆ ಅಥವಾ ಬಂದಿಲ್ಲ. ಬಂದು, ತಲೆ ಹಿಡ್ಕೊಂಡು, ಏನೂ ಬರೀದೆ ಕೂತ ದಿನಕ್ಕೆ ಅಲ್ಲಿ ಜಾಗ ಇಲ್ಲ. ಮಕ್ಕಳ ತಲೆನೋವು ನೋಡೋ ವೈದ್ಯರು ಬಳಸೋ ಪೆಡ್‌ಮಿಡಾಸ್ ಅನ್ನೋ ಒಂದು ಪ್ರಶ್ನಾವಳಿ ಇದೆ. ಆರೇ ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ತಲೆನೋವಿನಿಂದ ಎಷ್ಟು ದಿನ ಶಾಲೆ ಪೂರ್ತಿ ತಪ್ಪಿತು, ಎಷ್ಟು ದಿನ ಅರ್ಧ ತಪ್ಪಿತು, ಎಷ್ಟು ದಿನ ಶಾಲೇಲಿ ಇದ್ದೂ ಅರ್ಧಕ್ಕಿಂತ ಕಡಿಮೆ ಕೆಲಸ ಆಯ್ತು, ಮನೆಗೆಲಸ, ಆಟ ಎಷ್ಟು ತಪ್ಪಿತು. ಹಳೇ ನೋಟ್ ಬುಕ್‌ನ ಕೊನೇ ಪುಟದಲ್ಲಿ ಇದನ್ನ ಬರೆದಿಟ್ಕೊಂಡು ಡಾಕ್ಟರ್ ಹತ್ರ ಹೋದ್ರೆ, "ಆಗಾಗ ಬರುತ್ತೆ ಡಾಕ್ಟ್ರೇ" ಅನ್ನೋದಕ್ಕಿಂತ ಎಷ್ಟೋ ಉಪಯೋಗ.

ಕಾರಣಗಳ ವಿಷಯಕ್ಕೆ ಬಂದ್ರೆ, ಚಾಕೊಲೇಟು, ಚೀಸು ಅಂತ ದೊಡ್ಡ ಪಟ್ಟಿ ಸಿಗುತ್ತೆ. ನಮ್ಮ ಏರಿಯಾ ಮಕ್ಕಳಿಗೆ ಅದಕ್ಕಿಂತ ಹತ್ತಿರದ್ದು ದಿನಚರಿ. ಏಳು ಗಂಟೆಗೆ ಶಾಲೆ ಬಸ್ಸು, ಆರೂಕಾಲಿಗೆ ಎಬ್ಬಿಸಿದ ಮಗು ಅರ್ಧ ಲೋಟ ಹಾಲು ಕುಡಿದು ಓಡುತ್ತೆ. ಟಿಫನ್ ಬಾಕ್ಸ್ ತೆಗೆಯೋದು ಹತ್ತೂವರೆಗೆ. ಮಧ್ಯೆ ಬಿಸಿಲಲ್ಲಿ ಪ್ರಾರ್ಥನೆ. ಬಸ್ಸು ಔಟರ್ ರಿಂಗ್ ರೋಡಲ್ಲಿ ಡೀಸೆಲ್ ಹೊಗೆ ಮಧ್ಯೆ ನಿಂತಿರುತ್ತೆ. 2023ರ ಸೆಪ್ಟೆಂಬರ್ 27ರ ಟ್ರಾಫಿಕ್ ನೆನಪಿದೆಯಾ? ಶಾಲೆ ಬಸ್ಸಲ್ಲಿದ್ದ ಮಕ್ಕಳು ಮನೆ ಸೇರಿದ್ದು ರಾತ್ರಿ ಎಂಟಕ್ಕೆ. ಅದು ವಿಪರೀತದ ದಿನ, ಆದ್ರೆ ಐದೂವರೆ, ಆರು ಅನ್ನೋದು ಮಾಮೂಲಿ. ಆಮೇಲೆ ಟ್ಯೂಷನ್, ಹೋಂವರ್ಕ್, ಮಲಗೋದು ಹನ್ನೊಂದು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ನಿದ್ದೆ ತಜ್ಞರು. ಇಲ್ಲಿ ಎಂಟು ಗಂಟೆಯೂ ಆಗಲ್ಲ. ಅದನ್ನ ಭಾನುವಾರ ಹನ್ನೊಂದರವರೆಗೆ ಮಲಗಿ ತೀರಿಸ್ತಾರೆ, ಆ ಏರುಪೇರು ಕೂಡ ಕೆಲವರಿಗೆ ನೋವು ತರುತ್ತೆ. ಮೈಗ್ರೇನ್ ಮೆದುಳಿಗೆ ದಿನ ದಿನಕ್ಕೂ ಒಂದೇ ಥರ ಇದ್ರೆ ನೆಮ್ಮದಿ.

ಈ ವಿಷಯದಲ್ಲಿ ಸರ್ಕಾರಿ ಶಾಲೆಗಳು ಒಂದು ಹೆಜ್ಜೆ ಮುಂದಿವೆ ಅಂತ ನನ್ನ ಅನಿಸಿಕೆ. 2013ರಿಂದ ಕ್ಷೀರ ಭಾಗ್ಯದ ಹಾಲು ಇದೆ, 2024ರಿಂದ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿತು, ಮಧ್ಯಾಹ್ನ ಬಿಸಿಯೂಟ ಅಂತೂ ಇದ್ದೇ ಇದೆ. ಬೆಳಗ್ಗೆ ಖಾಲಿ ಹೊಟ್ಟೇಲಿ ಬಂದ ಮಗುವಿಗೆ ಅದು ದೊಡ್ಡ ಆಸರೆ. ಲಕ್ಷ ರೂಪಾಯಿ ಫೀಸಿನ ಶಾಲೆಯಲ್ಲಿ ಹತ್ತೂವರೆವರೆಗೆ ಬಾಯಿಗೆ ಏನೂ ಹಾಕೋ ಹಾಗಿಲ್ಲ! ಒಂದು ಬಾಳೆಹಣ್ಣಿಗೆ ಒಂಬತ್ತಕ್ಕೆ ಅನುಮತಿ ಕೊಟ್ರೆ ಏನು ಹೋಗುತ್ತೆ?

ನೀರಿನ ಕಥೆ ಇನ್ನೊಂದು. 2019ರ ನವೆಂಬರ್‌ನಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯೋಕೆ ಅಂತಲೇ ಗಂಟೆ ಹೊಡೆಯೋ ಪದ್ಧತಿ ಸುದ್ದಿಯಾಯ್ತು, ಅದನ್ನ ನೋಡಿ ಕರ್ನಾಟಕದಲ್ಲೂ ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಅದನ್ನೇ ತರೋಕೆ ಹೊರಟರು. ಒಳ್ಳೇ ಯೋಚನೆ. ಆದ್ರೆ ಸಾಯಂಕಾಲ ಮಕ್ಕಳ ಬ್ಯಾಗಿಂದ ತೆಗೆದ ಬಾಟಲ್ ತುಂಬಿದ್ದು ತುಂಬಿದ ಹಾಗೇ ಇದ್ರೆ, ಹುಡುಗಿಯನ್ನ ಒಂದು ಸಲ ಕೇಳಿ ನೋಡಿ. ಟಾಯ್ಲೆಟ್ ಗಲೀಜು, ಅದಕ್ಕೇ ನೀರು ಕುಡಿಯಲ್ಲ ಅಂತ ಉತ್ತರ ಬರಬಹುದು. ಗಂಟೆ ಹೊಡೆದ್ರೆ ಮಾತ್ರ ಸಾಲದು, ಟಾಯ್ಲೆಟ್ ತೊಳೀಬೇಕು.

ಈಗ ಔಷಧಿ. ಇಲ್ಲಿ ನಾನು ಹೆಸರು ಹೇಳಿದ್ರೂ ಪ್ರಮಾಣ ಹೇಳಲ್ಲ. ಮಕ್ಕಳಿಗೆ ಅದು ತೂಕದ ಮೇಲೆ ನಿರ್ಧಾರ ಆಗೋದು, ಡಾಕ್ಟರ್ ಬರೀಬೇಕು. ನೋವು ಬಂದಾಗ ಕೊಡೋಕೆ ಸಾಮಾನ್ಯವಾಗಿ ಮೊದಲು ಬರೆಯೋದು ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು, ರೈಸ್ ಸಿಂಡ್ರೋಮ್ ಅನ್ನೋ ಅಪರೂಪದ ಆದರೆ ಅಪಾಯದ ತೊಂದರೆ ಬರಬಹುದು. ಅಂಗಡಿಯಲ್ಲಿ ಬಿಡಿಯಾಗಿ ಸಿಗೋ ದೊಡ್ಡವರ ತಲೆನೋವಿನ ಮಾತ್ರೆಯನ್ನ ಅರ್ಧ ಮುರಿದು ಮಗುವಿಗೆ ಕೊಡೋ ಅಭ್ಯಾಸ ಬಿಡಿ. ಇನ್ನೊಂದು ಮಿತಿ: ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ತಗೊಳ್ತಾ ಮೂರು ತಿಂಗಳು ದಾಟಿದ್ರೆ ಆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ಕೆಫೀನ್ ಮತ್ತೊಂದು ಸೇರಿಸಿದ ಮಿಶ್ರಣದ ಮಾತ್ರೆಗಾದ್ರೆ 10 ದಿನವೇ ಸಾಕು. ವಾರಕ್ಕೆ ಎರಡು ಮೂರು ದಿನಕ್ಕಿಂತ ಜಾಸ್ತಿ ಬೇಕಾಗ್ತಿದೆ ಅಂದ್ರೆ ಮತ್ತೆ ಡಾಕ್ಟರ್ ಹತ್ರ ಹೋಗೋ ಹೊತ್ತು ಬಂದಿದೆ ಅಂತ.

ನೋವು ಬರದ ಹಾಗೆ ದಿನಾ ಕೊಡೋ ಮಾತ್ರೆಗಳೂ ಇವೆ. ಅವುಗಳ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯ್ತು. 8ರಿಂದ 17 ವರ್ಷದ ಮಕ್ಕಳು, ಎರಡು ಬೇರೆ ಬೇರೆ ಔಷಧಿ, ಮೂರನೇ ಗುಂಪಿಗೆ ಔಷಧಿಯೇ ಇಲ್ಲದ ಮಾತ್ರೆ. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದವರು ಎಷ್ಟು ಅಂತ ನೋಡಿದ್ರೆ, ಒಂದು ಔಷಧಿಯ ಗುಂಪಲ್ಲಿ ನೂರಕ್ಕೆ 52, ಇನ್ನೊಂದರಲ್ಲಿ 55, ಔಷಧಿ ಇಲ್ಲದ ಗುಂಪಲ್ಲಿ 61! ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಿದ್ರು. ಇದನ್ನ ಕೇಳಿದ ಕೂಡಲೇ "ನೋಡಿದ್ರಾ, ಎಲ್ಲಾ ಮನಸ್ಸಿಂದು" ಅನ್ನಬೇಡಿ. ಮಕ್ಕಳ ನೋವು ನಿಜವಾಗಿಯೂ ಕಡಿಮೆಯಾಯ್ತು. ನನಗೆ ಅನಿಸಿದ್ದು, ಮೂರೂ ಗುಂಪಿನ ಮಕ್ಕಳಿಗೆ ಸಿಕ್ಕಿದ್ದೂ ಒಂದಿತ್ತು: ತಿಂಗಳುಗಟ್ಟಲೆ ಯಾರೋ ಕೂತು ಅವರ ನೋವಿನ ಲೆಕ್ಕ ಕೇಳ್ತಿದ್ರು, ಬರೆದುಕೊಳ್ತಿದ್ರು. ಅಷ್ಟರಿಂದಲೇ ಆಯ್ತು ಅಂತ ಪ್ರಯೋಗ ಹೇಳಲ್ಲ, ಅದು ನನ್ನ ಊಹೆ. ನಿಮ್ಮ ಮಗುವಿಗೆ ದಿನದ ಮಾತ್ರೆ ಬರೆದಿದ್ರೆ ನನ್ನ ಮಾತು ಕೇಳಿ ನಿಲ್ಲಿಸೋಕೆ ಹೋಗಬೇಡಿ. ಡಾಕ್ಟರನ್ನ ಕೇಳಿ.

ಟೀಚರ್‌ಗಳ ಭಯದ ಬಗ್ಗೆಯೂ ಹೇಳಬೇಕು. ಈ ಸಂಚಿಕೆಗೆ ಮುಂಚೆ ನಾನು ಮಾತಾಡಿಸಿದ ಒಬ್ಬ ಮೇಡಂ ಕೇಳಿದ್ರು: "ನೀನು ಮಲಗಿಸಿ ಅಂತ ಸುಲಭವಾಗಿ ಹೇಳ್ತೀಯಪ್ಪ. ಅದು ಮೈಗ್ರೇನ್ ಅಲ್ಲದೆ ಬೇರೇನೋ ಆಗಿದ್ರೆ? ನಾಳೆ ಯಾರು ಉತ್ತರ ಕೊಡೋದು?" ನ್ಯಾಯವಾದ ಪ್ರಶ್ನೆ. ಅದಕ್ಕೇ ಯಾವಾಗ ಮಲಗಿಸಬಾರದು ಅಂತ ಮೊದಲೇ ಗೊತ್ತಿರಬೇಕು. ಜೀವನದಲ್ಲೇ ಬರದಷ್ಟು ಜೋರು ನೋವು ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ್ರೆ, ಜ್ವರದ ಜೊತೆ ಕುತ್ತಿಗೆ ಬಿಗಿದ್ರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದ್ರೆ, ಫಿಟ್ಸ್ ಬಂದ್ರೆ, ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ ಕಾಯೋ ಹಾಗಿಲ್ಲ, ಆಸ್ಪತ್ರೆಗೇ. ಮನೆಯವರು ಗಮನಿಸಬೇಕಾದ್ದು ಬೇರೆ ಇದೆ: ನೋವಿನಿಂದ ರಾತ್ರಿ ಎಚ್ಚರ ಆಗೋದು, ದಿನಾ ಬೆಳಗ್ಗೆ ಎದ್ದ ಕೂಡಲೇ ವಾಂತಿ, ವಾರದಿಂದ ವಾರಕ್ಕೆ ನೋವು ಏರ್ತಾ ಹೋಗೋದು, ತಲೆಯ ಹಿಂಭಾಗದಲ್ಲಿ ಮಾತ್ರ ನೋವು, ತೀರಾ ಚಿಕ್ಕ ಮಗುವಿಗೆ ಬರೋದು. ಇವಿದ್ರೆ ಬೇಗ ತೋರಿಸಿ. ಕೆಲವು ಮಕ್ಕಳಿಗೆ ನೋವಿನ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕು ಹರಿಯುತ್ತೆ, ಬೋರ್ಡ್ ಮೇಲಿನ ಅಕ್ಷರ ಮಾಯ ಆಗುತ್ತೆ. ಅದಕ್ಕೆ ಔರಾ ಅಂತಾರೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತೆ. ಮೊದಲ ಸಲ ಹಾಗಾದ್ರೆ ಡಾಕ್ಟರ್ ನೋಡಲೇಬೇಕು.

ಶಾಲೆಗೆ ಬರೋ ಆರೋಗ್ಯ ತಂಡ ನೋಡ್ಕೊಳ್ಳಲ್ವಾ ಅಂತ ಕೇಳ್ತೀರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲವು ತೊಂದರೆಗಳನ್ನ ಹುಡುಕ್ತಾರೆ. ದೃಷ್ಟಿ, ಕಿವಿ, ಹಲ್ಲು, ರಕ್ತಹೀನತೆ, ಫಿಟ್ಸ್ ಎಲ್ಲ ಇದೆ, ಮೈಗ್ರೇನ್ ಇಲ್ಲ. ಅದಕ್ಕೇ ತಲೆನೋವು ಅಂದ ಮಗುವಿನ ಮೊದಲ ನಿಲ್ದಾಣ ಕನ್ನಡಕದ ಅಂಗಡಿ. ಕಣ್ಣು ತೋರಿಸೋದು ತಪ್ಪಲ್ಲ, ಆದ್ರೆ ಕನ್ನಡಕ ಬಂದ ಮೇಲೂ ವಾಂತಿ ನಿಲ್ಲದಿದ್ರೆ ಅಲ್ಲಿಗೇ ಬಿಡಬೇಡಿ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್, ಚಿಕ್ಕದಾಗಿ ಕಭಿ, ಇದೆ. ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವೈದ್ಯರಿಗೇ ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವು ಇವನ್ನ ನೋಡೋಕೆ ತರಬೇತಿ ಕೊಡೋದು ಅದರ ಉದ್ದೇಶ. ಎಲ್ಲರೂ ಬೆಳಗ್ಗೆ ಐದಕ್ಕೆ ಹೊಸೂರು ರಸ್ತೆಗೆ ಹೋಗಿ ನಿಮ್ಹಾನ್ಸ್ ಕ್ಯೂನಲ್ಲಿ ನಿಲ್ಲಬೇಕಾಗಿಲ್ಲ. ಮಕ್ಕಳ ಡಾಕ್ಟರೂ ಮೊದಲು ನೋಡಬಹುದು.

ಕಾನೂನಲ್ಲಿ ಏನಿದೆ? ನೇರವಾಗಿ ಏನೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮೈಗ್ರೇನ್ ಹೆಸರಿಲ್ಲ. ಅಮೆರಿಕದಲ್ಲಿ 1973ರ ಒಂದು ಕಾಯ್ದೆಯ 504ನೇ ಸೆಕ್ಷನ್ ಕೆಳಗೆ ಇಂಥ ಮಗುವಿಗೂ ಶಾಲೆಯಿಂದ ಲಿಖಿತ ಯೋಜನೆ ಮಾಡಿಸಿಕೊಳ್ಳಬಹುದು. ನಮ್ಮಲ್ಲಿ ಹತ್ತಿರದ ಮಾದರಿ ಸಕ್ಕರೆ ಕಾಯಿಲೆದು. 2017ರಲ್ಲಿ ಸಿಬಿಎಸ್‌ಇ, ಟೈಪ್ 1 ಡಯಾಬಿಟಿಸ್ ಇರೋ ಮಕ್ಕಳು ಬೋರ್ಡ್ ಪರೀಕ್ಷೆ ಹಾಲ್ ಒಳಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಇಟ್ಕೊಳ್ಳೋಕೆ ಒಪ್ಪಿಗೆ ಕೊಡ್ತು. ಅದಕ್ಕೆ ತಜ್ಞ ವೈದ್ಯರ ಪತ್ರ, ಅದು ಪ್ರಿನ್ಸಿಪಾಲ್ ಮೂಲಕ ಹೋಗಬೇಕು. ಇಲ್ಲಿ ನಮಗೆ ಬೇಕಾದ್ದು ಆ ದಾರಿ: ವೈದ್ಯರ ಕಾಗದ, ಪ್ರಿನ್ಸಿಪಾಲ್ ಸಹಿ, ಮುಂಚೆಯೇ. ಹಾಜರಿ ಕಡಿಮೆಯಾದಾಗ ಸಿಬಿಎಸ್‌ಇ ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಕೇಳೋಕೆ ಬಿಡುತ್ತೆ, ಅಲ್ಲೂ ದಾಖಲೆಯೇ ಆಧಾರ. ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಪದ್ಧತಿ ಬಂದಿದ್ರಿಂದ, ಪರೀಕ್ಷೆ ದಿನವೇ ನೋವು ಬಂದ್ರೆ ಒಂದು ವರ್ಷ ಹೋಯ್ತು ಅನ್ನೋ ಭಯ ಸ್ವಲ್ಪ ಇಳಿದಿದೆ. ಆ ಭಯ ಇಳಿಯೋದೇ ಕೆಲವು ಮಕ್ಕಳಿಗೆ ಔಷಧಿ.

ಹಾಗಾಗಿ ಅಕ್ಕನೂ ನಾನೂ ಒಂದು ಭಾನುವಾರ ಕೂತು ಕಾಗದ ಬರೆದ್ವಿ. ಅದಕ್ಕೆ ಮುಂಚೆ ಮಕ್ಕಳ ಡಾಕ್ಟರ್ ಹುಡುಗಿಯನ್ನ ನೋಡಿ, ಕಣ್ಣಿನ ಹಿಂಭಾಗ, ಬಿಪಿ, ನಡಿಗೆ ಎಲ್ಲ ಪರೀಕ್ಷಿಸಿ, ಮೈಗ್ರೇನ್ ಅಂತ ಬರೆದುಕೊಟ್ಟಿದ್ರು. ಸ್ಕ್ಯಾನ್ ಬೇಡ ಅಂದ್ರು. ಕಾಗದ ಒಂದೇ ಪುಟ, ಕನ್ನಡದಲ್ಲಿ, ಹೆಡ್‌ಮಿಸ್‌ಗೆ. ನೋವು ಶುರುವಾಗೋ ಮುಂಚೆ ಇವಳು ಆಕಳಿಸ್ತಾಳೆ, ಮುಖ ಬಿಳಿಚುತ್ತೆ, ಬೆಳಕಿಗೆ ಕಣ್ಣು ಕಿರಿದು ಮಾಡ್ತಾಳೆ. ಅವಳು ಹೇಳಿದ ಕೂಡಲೇ, ಪೀರಿಯಡ್ ಮುಗಿಯೋ ತನಕ ಕಾಯಿಸದೆ, ಆಫೀಸಲ್ಲಿ ಇಟ್ಟಿರೋ ಡಬ್ಬಿಯಿಂದ ಡಾಕ್ಟರ್ ಬರೆದಷ್ಟು ಮಾತ್ರೆಯನ್ನ ಆಫೀಸ್ ಮೇಡಂ ಕೊಡಬೇಕು, ಎರಡು ಬಿಸ್ಕತ್ತಿನ ಜೊತೆ, ಕೊಟ್ಟ ಸಮಯ ಬರೀಬೇಕು. ಆಮೇಲೆ ಬೆಳಕು ಕಡಿಮೆ ಇರೋ ಜಾಗದಲ್ಲಿ ಒಂದರಿಂದ ಒಂದೂವರೆ ಗಂಟೆ ಮಲಗೋಕೆ ಬಿಡಬೇಕು. ಎದ್ದು ಸರಿಯಿದ್ರೆ ಕ್ಲಾಸಿಗೆ, ಇಲ್ಲದಿದ್ರೆ ಮನೆಗೆ ಫೋನ್. ಅಪಾಯದ ಲಕ್ಷಣಗಳು ದಪ್ಪ ಅಕ್ಷರದಲ್ಲಿ, ಕೆಳಗೆ ಎರಡು ಫೋನ್ ನಂಬರ್. ತಪ್ಪಿದ ಟೆಸ್ಟನ್ನ ಅದೇ ವಾರ ಬರೆಸಿ ಅಂತ ಕೊನೆಗೆ ಒಂದು ವಿನಂತಿ.

ಇನ್ನೊಂದು ಸಾಲು ಹುಡುಗಿಯೇ ಸೇರಿಸಿದ್ದು. ಎದ್ದು ನಿಂತು ಎಲ್ಲರ ಮುಂದೆ ಹೇಳೋಕೆ ನಾಚಿಕೆಯಾಗುತ್ತೆ, ಅದಕ್ಕೆ ಡೆಸ್ಕ್ ಮೇಲೆ ಕೆಂಪು ಪೆನ್ಸಿಲ್ ಬಾಕ್ಸ್ ಇಟ್ರೆ ಮಿಸ್ ಅರ್ಥ ಮಾಡ್ಕೋಬೇಕಂತೆ.

ಶಾಲೆ ಒಪ್ತಾ ಅಂದ್ರೆ, ಒಂದೇ ಸಲಕ್ಕೆ ಒಪ್ಪಲಿಲ್ಲ. ಮಾತ್ರೆ ಕೊಡೋದು ನಮ್ಮ ಜವಾಬ್ದಾರಿ ಅಲ್ಲ ಅಂದ್ರು. ಡಾಕ್ಟರ್ ಸೀಲ್ ಇರೋ ಪತ್ರ, ಅಪ್ಪ ಅಮ್ಮ ಇಬ್ಬರ ಸಹಿ ಕೇಳಿದ್ರು, ಕೊಟ್ರು. ಸಿಕ್ ರೂಮ್ ಅಂತ ಬೋರ್ಡ್ ಇರೋ ಕೋಣೆಯಲ್ಲಿ ಹಳೇ ಕುರ್ಚಿಗಳು ತುಂಬಿದ್ವು, ಅದಕ್ಕೆ ಲೈಬ್ರರಿಯ ಒಂದು ಮೂಲೆ ಸಿಕ್ತು, ಚಾಪೆ ಅಕ್ಕನ ಮನೆಯದ್ದು. ಅದಾಗಿ ಎರಡು ತಿಂಗಳಾಗಿದೆ. ಐದು ಸಲ ನೋವು ಬಂದಿದೆ, ಎರಡು ಸಲ ಅಕ್ಕ ಹೋಗಿ ಕರ್ಕೊಂಡು ಬಂದಿದ್ದಾರೆ, ಮೂರು ಸಲ ಹುಡುಗಿ ಎದ್ದು ಕ್ಲಾಸಿಗೆ ಹೋಗಿದ್ದಾಳೆ. ಕೆಂಪು ಬಾಕ್ಸ್ ನೋಡಿ ಪಕ್ಕದ ಬೆಂಚಿನ ಹುಡುಗನೊಬ್ಬ ಅದೇನು ಅಂತ ಕೇಳಿದನಂತೆ. ಹೇಳಿದ್ದಕ್ಕೆ, "ನನಗೂ ಹಾಗೇ ಆಗುತ್ತೆ, ನಾನು ಯಾರಿಗೂ ಹೇಳಿಲ್ಲ" ಅಂದನಂತೆ.